‘ಇಂದ’ ಎಲ್ಲಿದೆ ನೋಡಿ, ಆಮೇಲೆ ಸಮೀಕರಣ ಬರೆಯಿರಿ

ಸಿಂಧನೂರಿನಲ್ಲಿ ಎಂಟನೇ ತರಗತಿಯ ಹುಡುಗರಿಗೆ ಬೀಜಗಣಿತ ಹೇಳಿಕೊಡುವಾಗ ನಾನು ಸೂತ್ರಕ್ಕಿಂತ ಮೊದಲು ವಿಭಕ್ತಿ ಹಿಡಿಯುತ್ತೇನೆ. ‘ಒಂದು ಸಂಖ್ಯೆಯ ಮೂರರಷ್ಟಕ್ಕಿಂತ 5 ಕಡಿಮೆ’ ಎಂಬುದು ಸುಲಭ. ಆ ಸಂಖ್ಯೆಗೆ ‘ಯ’ ಎಂದಿಟ್ಟು ಕಿವಿಗೆ ಬಿದ್ದ ಸಾಲಿನಲ್ಲೇ 3ಯ − 5 ಬರೆದರಾಯಿತು. ಎಡವುವುದು ‘ಯ ಅನ್ನು 5ರಿಂದ ಕಳೆ’ ಎಂಬಲ್ಲಿ. ಅಲ್ಲೂ ಕೇಳಿದ ಸಾಲಿನಲ್ಲೇ ಯ − 5 ಬರೆಯುತ್ತಾರೆ. ಬೇಕಾದದ್ದು 5 − ಯ. ಹಾಗಂತ ‘ಇಂದ ಹತ್ತಿದ್ದು ಮೊದಲು’ ಎಂದು ಬಾಯಿಪಾಠ ಮಾಡಿಸಿದರೆ ಭಾಗಾಕಾರದಲ್ಲಿ ಕೈಕೊಡುತ್ತದೆ: ‘ಯ ಅನ್ನು 5ರಿಂದ ಭಾಗಿಸು’ ಎಂದರೆ ಯ/5, ‘ಇಂದ’ ಹತ್ತಿದ್ದು ಕೆಳಗೆ. ಮೊದಲನೆಯದು ಪಂಚಮಿ, ಎರಡನೆಯದು ತೃತೀಯಾ. ಪಂಚಮಿಗೆ ‘ದೆಸೆಯಿಂದ’ ಎಂದು ವ್ಯಾಕರಣ ಹೇಳಿದರೂ ಮಾತಿನಲ್ಲಿ ಎರಡಕ್ಕೂ ‘ಇಂದ’ವೇ. ‘ಯಾವುದರೊಳಗಿಂದ ತೆಗೀಬೇಕು?’ ಎಂದು ಕೇಳಿಸಿದರೆ ತಪ್ಪು ನಿಲ್ಲುತ್ತದೆ.

ಇನ್ನು ಅಕ್ಷರದ ಆಯ್ಕೆ. ಚೀಲಕ್ಕೆ ‘ಚ’ ಇಡಿಸಬೇಡಿ. ನಮ್ಮ ಕಡೆ ಭತ್ತದ ಚೀಲಕ್ಕೆ 75 ಕೆ.ಜಿ. ಲೆಕ್ಕ, 75ಚ ಎಂದು ಬರೆದರೆ ಹುಡುಗರು ‘75 ಚೀಲ’ ಎಂದೇ ಓದುತ್ತಾರೆ. ಅಕ್ಷರ ನಿಲ್ಲಬೇಕಾದದ್ದು ಚೀಲಕ್ಕಲ್ಲ, ಚೀಲಗಳ ಸಂಖ್ಯೆಗೆ. 12ನೇ ಶತಮಾನದ ಭಾಸ್ಕರಾಚಾರ್ಯರು ಮೊದಲ ಅವ್ಯಕ್ತಕ್ಕೆ, ಅಂದರೆ ಗೊತ್ತಿಲ್ಲದ ಸಂಖ್ಯೆಗೆ, ‘ಯಾವತ್ತಾವತ್’ನಿಂದ ಯಾ, ಮುಂದಿನವಕ್ಕೆ ಬಣ್ಣಗಳ ಹೆಸರಿನಿಂದ ಕಾ, ನೀ ಎಂದು ಬಳಸಿದರು. ವಸ್ತುವಿಗೂ ಅಕ್ಷರಕ್ಕೂ ನಂಟೇ ಇಲ್ಲ, ಅದೇ ಅನುಕೂಲ. ನಾನು ಯ, ಕ ಇಡುತ್ತೇನೆ. ಎಕ್ಸ್, ವೈ ಆಮೇಲೆ ತಾವಾಗಿ ಒಗ್ಗುತ್ತವೆ. ‘ಯಕ’ ಎಂದು ಅಂಟಿಸಿ ಬರೆದರೆ ಪದದಂತೆ ಕಾಣುವುದರಿಂದ ಮೊದಲೆರಡು ವಾರ ಗುಣಾಕಾರ ಚಿಹ್ನೆ ಬಿಡಿಸುವುದಿಲ್ಲ.

ಈಗ ಪೂರ್ತಿ ಲೆಕ್ಕ. ಚೀಲಗಳ ಸಂಖ್ಯೆ ಯ, ಚೀಲದ ದರ ಕ ರೂಪಾಯಿ, ಹಮಾಲಿ ಚೀಲಕ್ಕೆ 20, ಟ್ರ್ಯಾಕ್ಟರ್ ಬಾಡಿಗೆ ಒಟ್ಟು 900 ಎಂದಿಟ್ಟುಕೊಳ್ಳಿ. ರೈತನ ಕೈಗೆ ಬರುವುದು ಯ × (ಕ − 20) − 900. ಆವರಣ ಬಿಟ್ಟರೆ ಯ × ಕ − 20 − 900 ಆಗುತ್ತದೆ. ಎರಡನ್ನೂ ಒಳಗೆ ತುರುಕಿದರೆ ಯ × (ಕ − 920). ತಪ್ಪು ಎಂದು ಹೇಳುವುದಕ್ಕಿಂತ 10 ಚೀಲ, 1,500 ರೂಪಾಯಿ ಹಾಕಿಸಿ ನೋಡುವುದು ಮೇಲು. ಸರಿಯಾದದ್ದಕ್ಕೆ 13,900 ಬರುತ್ತದೆ. ಆವರಣವಿಲ್ಲದ್ದಕ್ಕೆ 14,080: ಹೆಚ್ಚು ಬಂದ 180 ಅಂದರೆ ಒಂಬತ್ತು ಚೀಲದ ಹಮಾಲಿ, ಕೊಟ್ಟೇ ಇಲ್ಲ. ಮೂರನೆಯದಕ್ಕೆ ಬರೀ 5,800. ಟ್ರ್ಯಾಕ್ಟರ್‌ಗೆ ಹತ್ತು ಸಲ ಬಾಡಿಗೆ ಕೊಟ್ಟಂತಾಯಿತು.