ಸ್ಟೀರಿಯೊ ಸ್ವರ ಮಂಕಾಗಿದ್ದರೆ ಮೊದಲು ವಯರಿನ ತುದಿ ನೋಡಿ

ಉಳ್ಳಾಲ, ಸುರತ್ಕಲ್, ಮಲ್ಪೆಯಂಥ ಕಡಲಬದಿಯ ಮನೆಗಳಲ್ಲಿ ಸ್ಟೀರಿಯೊ ಸ್ವರ ಮಂಕಾಯಿತೆಂದರೆ ಜನ ಮೊದಲು ಹುಡುಕುವುದು ಚಿನ್ನದ ಲೇಪದ ಪ್ಲಗ್, ಹೆಬ್ಬೆರಳು ದಪ್ಪದ ಕೇಬಲ್, ಸ್ಪೀಕರಿನ ಅಡಿಗೆ ಇಡುವ ಪ್ಯಾಡ್. ಇಂಥ ಸಾಮಾನಿನಿಂದ ಪ್ರಯೋಜನವೇ ಇಲ್ಲ ಎಂದಲ್ಲ. ಏನಾದರೂ ಹಾಳಾಗಿರುವ ಜಾಗಕ್ಕೆ ಹಾಕಿದರೆ ಮಾತ್ರ ಪ್ರಯೋಜನ. ಉಪ್ಪುಗಾಳಿಯ ಊರಲ್ಲಿ ಮೊದಲು ಹಾಳಾಗುವುದು ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ವಯರಿನ ತುದಿ.

ವಯರ್ ಆಯ್ಕೆ ಸುಲಭ: 2.5 ಚದರ ಮಿ.ಮೀ.ನ ಶುದ್ಧ ತಾಮ್ರದ ಜೋಡಿ ವಯರ್. 5 ಮೀಟರ್ ದೂರಕ್ಕೆ ಹೋಗಿಬರುವಾಗ ಇದರ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಸುಮಾರು 0.07 ಓಮ್, 8 ಓಮ್ ಸ್ಪೀಕರ್ ಮುಂದೆ ಶೇ 1ಕ್ಕೂ ಕಮ್ಮಿ. ಹತ್ತು ಪಟ್ಟು ಬೆಲೆಯ ಕೇಬಲ್ ಇನ್ನೇನನ್ನೂ ಸೇರಿಸುವುದಿಲ್ಲ. ‘ಸಿಸಿಎ’ ಎಂದು ಬರೆದಿದ್ದರೆ ಬಿಟ್ಟುಬಿಡಿ. ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಉಪ್ಪಿನ ತೇವಕ್ಕೆ ಕತ್ತರಿಸಿದ ತುದಿಯ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ.

ಹೆಚ್ಚಿನವರು ಕೆಡಿಸುವುದು ತುದಿ ಸಿದ್ಧಮಾಡುವಾಗ. ಆಂಪ್ಲಿಫೈಯರ್ ಆಫ್ ಮಾಡಿ, ಕರೆಂಟಿನ ಪ್ಲಗ್ ಕಿತ್ತಿಡಿ. ತುದಿಯಲ್ಲಿ ಹಸಿರು ಕಿಲುಬು ಇದ್ದರೆ ಅಥವಾ ತಾಮ್ರ ಕಪ್ಪಾಗಿದ್ದರೆ ಉಜ್ಜಲು ಹೋಗಬೇಡಿ, ಎಳೆಗಳ ಸಂದಿಯ ಕಿಲುಬು ಉಜ್ಜಿದರೆ ಹೋಗದು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಬನ್ನಿ. ಕೆಲವೊಮ್ಮೆ ಗೇಣುದ್ದ ಹೋಗುತ್ತದೆ, ಹೋಗಲಿ. ಸ್ಟ್ರಿಪ್ಪರಿನಿಂದ 10–12 ಮಿ.ಮೀ. ಸಿಪ್ಪೆ ತೆಗೆಯಿರಿ. ಹಲ್ಲಿನಿಂದ ಕಚ್ಚಿ ಎಳೆದರೆ, ಬ್ಲೇಡಿನಿಂದ ಸುತ್ತ ಕೊಯ್ದರೆ ಹೊರಗಿನ ಎಳೆಗಳು ತುಂಡಾಗುತ್ತವೆ. ಉಳಿದದ್ದನ್ನು ಬತ್ತಿಯಂತೆ ಬಿಗಿಯಾಗಿ ಹೊಸೆಯಿರಿ. ಒಂದೇ ಎಳೆ ಹೊರಚಾಚಿ ಪಕ್ಕದ ಟರ್ಮಿನಲ್ (ವಯರ್ ಸಿಕ್ಕಿಸುವ ಜಾಗ) ಮುಟ್ಟಿದರೂ ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ಸ್ಕ್ರೂ ಅಡಿಗೆ ಹೋಗುವ ತುದಿಗೆ ಬೆಸುಗೆ ಹಾಕಲೇಬೇಡಿ. ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಚಪ್ಪಟೆಯಾಗಿ, ಕೆಲವು ತಿಂಗಳಲ್ಲಿ ಬಿಗಿ ಸಡಿಲವಾಗುತ್ತದೆ. ವಯರಿನ ತುದಿಗೆ ಜೋಡಿಸಿ ಟರ್ಮಿನಲ್ಲಿಗೆ ಚುಚ್ಚುವ ಬನಾನಾ ಪ್ಲಗ್ ಸಾಕು. ಚಿನ್ನದ ಲೇಪ ತುಕ್ಕು ತಡೆಯುತ್ತದೆಯೇ ಹೊರತು ಸ್ವರ ಬದಲಿಸುವುದಿಲ್ಲ.

ಟರ್ಮಿನಲ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್ ಬಡ್‌ನಿಂದ ಒರೆಸಿ, ಒಣಗಲು ಬಿಡಿ. ಪಾಲಿಶ್ ಪೇಪರ್ ಬೇಡ, ಲೇಪವೇ ಹೋಗುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ವಾಲ್ಯೂಮ್ ಕಂಟ್ರೋಲಿಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ತನ್ನಿ. ಬಾಗಿಲಿನ ತಿರುಗಣಿಗೆ ಹೊಡೆಯುವ ಸ್ಪ್ರೇ ಹೊಡೆದರೆ ಜಿಡ್ಡಿಗೆ ಧೂಳು ಅಂಟಿ ಇನ್ನಷ್ಟು ಕೆಡುತ್ತದೆ.

ಜೋಡಿಸುವಾಗ ಪ್ಲಸ್, ಮೈನಸ್ ಅದಲುಬದಲಾಗಬಾರದು. ಒಂದು ಸ್ಪೀಕರ್ ಉಲ್ಟಾ ಆದರೆ ಬಾಸ್ ಕರಗಿಹೋಗುತ್ತದೆ, ಹಾಡುವವರ ಸ್ವರ ನಡುವೆ ನಿಲ್ಲುವುದಿಲ್ಲ. ಗೊಂದಲವಿದ್ದರೆ ವಯರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, 1.5 ವೋಲ್ಟ್ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ ಸ್ಪೀಕರಿನ ಪ್ಲಸ್‌ಗೆ ಹೋಗಿದ್ದರೆ ವೂಫರಿನ (ಬಾಸ್ ನುಡಿಸುವ ದೊಡ್ಡ ಸ್ಪೀಕರಿನ) ಕೋನ್ ಟಕ್ಕೆಂದು ಹೊರಗೆ ಬರುತ್ತದೆ.

ಸ್ಪೀಕರನ್ನು ಮೂಲೆಯಿಂದ ಎಳೆದು, ಗೋಡೆಯಿಂದ ಒಂದೆರಡು ಅಡಿ ದೂರ ಇಡಿ. ಇದಕ್ಕೆ ಖರ್ಚಿಲ್ಲ, ಫಲ ಎಲ್ಲಕ್ಕಿಂತ ಹೆಚ್ಚು. ಟೈಲ್ಸ್ ಹಾಕಿದ ಖಾಲಿ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿದಾಗ ಜಣಜಣ ಮಾರ್ದನಿ ಬಂದರೆ ದಪ್ಪ ಹತ್ತಿಯ ಜಮಖಾನೆ ಹಾಸಿ. ತೊಳೆದು ಒಣಗಿಸುವಂಥದ್ದೇ ಇರಲಿ, ಆಟಿ ತಿಂಗಳ ಮಳೆಗೆ ದಪ್ಪ ಕಾರ್ಪೆಟ್ ಬೂಷ್ಟು ಹಿಡಿಯುತ್ತದೆ. ಸ್ಪೀಕರ್ ಶೋಕೇಸ್ ಮೇಲಿದ್ದು ಗಾಜು ನಡುಗುತ್ತಿದ್ದರೆ ಅಡಿಗೆ ನಾಲ್ಕು ರಬ್ಬರ್ ಪ್ಯಾಡ್ ಹಾಕಿ. ಆಂಪ್ಲಿಫೈಯರಿಗೆ ಪ್ಯಾಡ್ ದಂಡ.

ಇಷ್ಟಾದ ಮೇಲೂ ಹೊಸ ಕೇಬಲ್ ಆಸೆಯಿದ್ದರೆ ವಾಪಸಾತಿಯ ಅವಧಿ ಇರುವ ಅಂಗಡಿಯಲ್ಲೇ ಕೊಳ್ಳಿ. ವಾಲ್ಯೂಮ್ ಮುಟ್ಟದೆ, ಅದೇ ಹಾಡಿನ ಅದೇ ತುಣುಕು ಹಾಕಿ. ಮನೆಯವರೊಬ್ಬರು ನಿಮಗೆ ಕಾಣದಂತೆ ನಾಣ್ಯ ಚಿಮ್ಮಿ ಹಳತೋ ಹೊಸತೋ ಜೋಡಿಸಲಿ, ಪ್ರತಿ ಸಲ ಆಂಪ್ಲಿಫೈಯರ್ ಆಫ್ ಮಾಡಿ. 10 ಸಲದಲ್ಲಿ 9 ಸಲ ಸರಿಯಾಗಿ ಹೇಳಿದರೆ ಇಟ್ಟುಕೊಳ್ಳಿ. ಬರೀ ಊಹೆಯಿಂದ ಅಷ್ಟು ಸರಿಯಾಗುವುದು ನೂರಕ್ಕೆ ಒಂದು ಸಲ. ಐದಾರು ಮಾತ್ರ ಸರಿಯಾದರೆ ಬಿಲ್ ಸಮೇತ ಹಿಂದಿರುಗಿಸಿ.