ಜಿಮ್ ಮೆಟ್ಟಿಲು ಹತ್ತದಿದ್ದರೂ ಜಿಮ್ ಫೀ ಯಾಕೆ? ಅಮೆರಿಕದ ಸರ್ಕಾರಿ ಯೂನಿವರ್ಸಿಟಿಗಳ ಕಟ್ಟಡದ ಸಾಲ

ಪ್ರತಿ ಆಗಸ್ಟ್‌ನಲ್ಲಿ ಮಲ್ಲೇಶ್ವರದ ನಮ್ಮ ಮನೆಗೆ ಒಂದೇ ತರಹದ ಫೋನ್‌ಗಳು ಬರುತ್ತವೆ. ನಾನು ಅಮೆರಿಕದ ಸರ್ಕಾರಿ ಯೂನಿವರ್ಸಿಟಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸ್ ಬಂದವನು. ನೆಂಟರಿಗೆಲ್ಲ ಅದು ಗೊತ್ತು. ಈ ಸಲ ಫೋನ್ ಮಾಡಿದ್ದು ಅಣ್ಣನ ಮಗಳು. "ಚಿಕ್ಕಪ್ಪ, ಟ್ಯೂಷನ್ ಕಟ್ಟಿದ್ದಾಯ್ತು. ಕೆಳಗೆ ಫೆಸಿಲಿಟಿ ಫೀ, ರಿಕ್ರಿಯೇಷನ್ ಫೀ ಅಂತ ಬೇರೆ ಹಾಕಿದ್ದಾರೆ. ನಾನು ಜಿಮ್ ಮೆಟ್ಟಿಲೇ ಹತ್ತಿಲ್ಲ!"

ಹತ್ತದಿದ್ದರೂ ಕಟ್ಟಲೇಬೇಕಮ್ಮ ಅಂದೆ. ಎಷ್ಟೋ ಕಡೆ ಆ ದುಡ್ಡಿನ ದೊಡ್ಡ ಪಾಲು ಹೋಗುವುದು ಜಿಮ್ ಕಟ್ಟಲು ತಂದ ಸಾಲದ ಕಂತಿಗೆ.

ನಮಗೆ ಸರ್ಕಾರಿ ಕಾಲೇಜು ಅಂದರೆ ಕಟ್ಟಡವನ್ನೂ ಸರ್ಕಾರವೇ ಕಟ್ಟಿಸುತ್ತದೆ ಎಂಬ ನಂಬಿಕೆ. ಅಲ್ಲಿ ಅರ್ಧ ಮಾತ್ರ ನಿಜ. ತರಗತಿ, ಲ್ಯಾಬು, ಲೈಬ್ರರಿಗೆ ರಾಜ್ಯ ಸರ್ಕಾರ ದುಡ್ಡು ಕೊಡುವುದುಂಟು. ಅದಕ್ಕಾಗಿ ರಾಜ್ಯವೇ ಜನರಲ್ ಆಬ್ಲಿಗೇಷನ್ ಬಾಂಡ್ (ಜನರಿಂದ, ಸಂಸ್ಥೆಗಳಿಂದ ಸಾಲ ಎತ್ತುವ ಪತ್ರ) ತೆಗೆಯುತ್ತದೆ. ಅದರ ಹಿಂದೆ ಇಡೀ ರಾಜ್ಯದ ತೆರಿಗೆ ನಿಂತಿರುತ್ತದೆ. ಹಾಗಾಗಿ ಎಷ್ಟೋ ರಾಜ್ಯಗಳಲ್ಲಿ ಅದಕ್ಕೆ ಮತದಾರರ ಒಪ್ಪಿಗೆಯೂ ಬೇಕು. ಆದರೆ ಹಾಸ್ಟೆಲ್, ಊಟದ ಹಾಲ್, ಪಾರ್ಕಿಂಗ್ ಕಟ್ಟಡ, ಜಿಮ್, ಸ್ಟೇಡಿಯಂ? ಅವು ಗಳಿಸುವ ಕಟ್ಟಡಗಳು, ಅವುಗಳ ಸಾಲ ಅವೇ ತೀರಿಸಿಕೊಳ್ಳಲಿ ಅನ್ನುತ್ತದೆ ಸರ್ಕಾರ. ಆಗ ಬರುವುದು ರೆವೆನ್ಯೂ ಬಾಂಡ್.

ಬಿಟಿಎಂ ಲೇಔಟ್‌ನಲ್ಲಿ ಪಿಜಿ ಕಟ್ಟುವವರನ್ನು ನೋಡಿದ್ದೀರಲ್ಲ. ಸಾಲ ತಂದು ನಾಲ್ಕು ಮಹಡಿ ಏರಿಸುತ್ತಾರೆ, ಹುಡುಗರ ಬಾಡಿಗೆಯಲ್ಲಿ ಇಎಂಐ ಕಟ್ಟುತ್ತಾರೆ. ರೆವೆನ್ಯೂ ಬಾಂಡೂ ಹೆಚ್ಚುಕಮ್ಮಿ ಅದೇ. ಎರಡು ವ್ಯತ್ಯಾಸ ಇವೆ. ಪಿಜಿಗೆ ಸಾಲ ಕೊಡುವುದು ಒಂದು ಬ್ಯಾಂಕು. ಇಲ್ಲಿ ಸಾಲವನ್ನು ಸಾಮಾನ್ಯವಾಗಿ 5,000 ಡಾಲರ್‌ನ ತುಂಡುಗಳಾಗಿ ಮಾಡಿ ಮಾರುತ್ತಾರೆ. ಮ್ಯೂಚುಯಲ್ ಫಂಡ್‌ಗಳು, ವಿಮಾ ಕಂಪನಿಗಳು, ನಿವೃತ್ತರು ಕೊಳ್ಳುತ್ತಾರೆ. ಇನ್ನೊಂದು, ಪಿಜಿ ಮಾಲೀಕ ಕಂತು ತಪ್ಪಿಸಿದರೆ ಬ್ಯಾಂಕು ಕಟ್ಟಡಕ್ಕೇ ಕೈ ಹಾಕುತ್ತದೆ. ಯೂನಿವರ್ಸಿಟಿ ಸಾಮಾನ್ಯವಾಗಿ ಕಟ್ಟಡವನ್ನು ಅಡ ಇಡುವುದಿಲ್ಲ. ಅದು ಅಡ ಇಡುವುದು ಬರುವ ಆದಾಯವನ್ನು. ಅಂದರೆ ನಿಮ್ಮ ಮಕ್ಕಳು ಕಟ್ಟುವ ಬಾಡಿಗೆ ಮತ್ತು ಫೀ.

ಬಾಂಡಿನ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ, ರೇಟ್ ಕವೆನೆಂಟ್ ಅಂತ. ಕಂತಿಗೆ ಸಾಕಾಗುವಷ್ಟು ಬಾಡಿಗೆ, ಫೀ ವಸೂಲಿ ಮಾಡುತ್ತೇವೆ, ಸಾಲದಿದ್ದರೆ ಏರಿಸುತ್ತೇವೆ ಎಂದು ಬಾಂಡ್ ಕೊಂಡವರಿಗೆ ಕೊಟ್ಟ ವಚನ ಅದು. ಹಾಸ್ಟೆಲ್ ಬಾಡಿಗೆ ವರ್ಷವರ್ಷ ಏರಿದಾಗ ಡೀನ್‌ಗೆ ಮೇಲ್ ಮೇಲೆ ಮೇಲ್ ಬರೆಯುವ ತಂದೆತಾಯಿಗಳಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಪಾಪ, ಡೀನ್ ಕೈಯಲ್ಲಿ ಏನೂ ಇರುವುದಿಲ್ಲ.

ಎಷ್ಟೋ ಯೂನಿವರ್ಸಿಟಿಗಳು ಮೊದಲ ವರ್ಷದವರು ಕ್ಯಾಂಪಸ್‌ನಲ್ಲೇ ಇರಬೇಕು ಅನ್ನುತ್ತವೆ. ಮಕ್ಕಳು ಓದಿನಲ್ಲಿ ನೆಲೆ ನಿಲ್ಲುತ್ತಾರೆ ಅನ್ನುವುದು ಅವರು ಕೊಡುವ ಕಾರಣ. ಇರಬಹುದು. ಆದರೆ ಕೋಣೆ ಖಾಲಿ ಬಿದ್ದರೆ ಕಂತು ಕಷ್ಟ ಅನ್ನುವುದೂ ಅಷ್ಟೇ ಸತ್ಯ, ಅಲ್ವಾ? 2020ರಲ್ಲಿ ಕೋವಿಡ್‌ನಿಂದ ಹಾಸ್ಟೆಲ್‌ಗಳು ಖಾಲಿಯಾದಾಗ ಬಾಡಿಗೆ ವಾಪಸ್ ಕೊಡಬೇಕಾಯಿತು. ಕಂತು ಮಾತ್ರ ನಿಲ್ಲಲಿಲ್ಲ.

ಲೆಕ್ಕ ತಪ್ಪುವುದೂ ಉಂಟು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಭೂಕಂಪದ ಭಯಕ್ಕೆ ತನ್ನ ಹಳೆಯ ಮೆಮೋರಿಯಲ್ ಸ್ಟೇಡಿಯಂ ದುರಸ್ತಿ ಮಾಡಿಸಿ 2012ರಲ್ಲಿ ಮತ್ತೆ ತೆರೆಯಿತು. ಸಾಲ 40 ಕೋಟಿ ಡಾಲರ್ ದಾಟಿತ್ತು. ಒಳ್ಳೆಯ ಸೀಟುಗಳನ್ನು ಹತ್ತಾರು ವರ್ಷಕ್ಕೆ ಮುಂಗಡವಾಗಿ ಮಾರಿ ತೀರಿಸುವ ಯೋಜನೆ ಇತ್ತು. ಅಂದುಕೊಂಡಷ್ಟು ಸೀಟು ಹೋಗಲಿಲ್ಲ. ಕೊನೆಗೆ ಕ್ರೀಡಾ ವಿಭಾಗದ ಹೆಗಲಿನಿಂದ ಸಾಲದ ದೊಡ್ಡ ಭಾಗವನ್ನು ಕ್ಯಾಂಪಸ್ಸೇ ಹೊತ್ತುಕೊಂಡಿತು. ಒಂದು ಕಟ್ಟಡಕ್ಕೆ ಒಂದೇ ಆದಾಯ ನೆಚ್ಚಿಕೊಂಡರೆ ಹೀಗಾಗುತ್ತದೆ. ಅದಕ್ಕೇ ದೊಡ್ಡ ಯೂನಿವರ್ಸಿಟಿಗಳು ಈಗ ಜಾಸ್ತಿ ಜನರಲ್ ರೆವೆನ್ಯೂ ಬಾಂಡ್ ತೆಗೆಯುತ್ತವೆ. ಅದರಲ್ಲಿ ಹಲವು ಆದಾಯಗಳನ್ನು ಒಟ್ಟುಮಾಡಿ ಅಡ ಇಡುತ್ತಾರೆ. ಬಡ್ಡಿ ಕಡಿಮೆಯಾಗುತ್ತದೆ. ಆದರೆ ನಿಮ್ಮ ಯಾವ ಡಾಲರ್ ಯಾವ ಕಟ್ಟಡಕ್ಕೆ ಹೋಯಿತು ಅನ್ನುವುದು ಮಸುಕಾಗುತ್ತದೆ. ನನಗೆ ಇದು ಅಷ್ಟು ಇಷ್ಟವಿಲ್ಲ.

ಸಾಮಾನ್ಯ ಅವಧಿ 20ರಿಂದ 30 ವರ್ಷ. ಅದನ್ನೂ ಮೀರಿಸಿದವರಿದ್ದಾರೆ. ಓಹಾಯೋ ಸ್ಟೇಟ್ ಯೂನಿವರ್ಸಿಟಿ 2011ರಲ್ಲಿ 50 ಕೋಟಿ ಡಾಲರ್, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ 2012ರಲ್ಲಿ 86 ಕೋಟಿ ಡಾಲರ್ ನೂರು ವರ್ಷದ ಸಾಲ ತಂದವು. ಮೊಮ್ಮಗನ ಮೊಮ್ಮಗ ತೀರಿಸುವ ಸಾಲ!

ಇದೆಲ್ಲ ನಮ್ಮೂರಿಗೆ ತೀರಾ ಹೊಸದೇನಲ್ಲ. ಯೂನಿವರ್ಸಿಟಿಗಳ ಈ ಬಾಂಡುಗಳನ್ನು ಅಮೆರಿಕದಲ್ಲಿ ಮುನಿಸಿಪಲ್ ಬಾಂಡ್ ಗುಂಪಿಗೇ ಸೇರಿಸುತ್ತಾರೆ. ಭಾರತದಲ್ಲಿ ಮೊದಲು ಮುನಿಸಿಪಲ್ ಬಾಂಡ್ ತೆಗೆದದ್ದು ಬೆಂಗಳೂರು ಪಾಲಿಕೆಯೇ, 1997ರಲ್ಲಿ, 125 ಕೋಟಿ ರೂಪಾಯಿಗೆ. ಆದರೆ ಅದಕ್ಕೆ ರಾಜ್ಯ ಸರ್ಕಾರ ಗ್ಯಾರಂಟಿ ನಿಂತಿತ್ತು. ಅಮೆರಿಕದ ರೆವೆನ್ಯೂ ಬಾಂಡಿನ ಕಾಗದದಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಸಾಲು ಕಾಣುತ್ತದೆ: ಈ ಸಾಲಕ್ಕೆ ರಾಜ್ಯ ಹೊಣೆಯಲ್ಲ. ನಮ್ಮಲ್ಲಿ ಕೆನರಾ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರ ಸೇರಿ 2017ರಲ್ಲಿ ಹೆಫಾ ಅನ್ನುವ ಸಂಸ್ಥೆ ಮಾಡಿವೆ. ಐಐಟಿಯಂತಹ ಸಂಸ್ಥೆಗಳಿಗೆ ಅದು ಕಟ್ಟಡದ ಸಾಲ ಕೊಡುತ್ತದೆ. ದಾರಿ ಬೇರೆ, ದಿಕ್ಕು ಮಾತ್ರ ಅದೇ.

ಮಕ್ಕಳನ್ನು ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಎಮ್ಮಾ (EMMA) ಅನ್ನುವ ಅಮೆರಿಕದ ಉಚಿತ ವೆಬ್‌ಸೈಟಿದೆ. ಮುನಿಸಿಪಲ್ ಬಾಂಡ್‌ಗಳ ನಿಯಂತ್ರಣ ಮಂಡಳಿಯೇ ಅದನ್ನು ನಡೆಸುತ್ತದೆ. ಯೂನಿವರ್ಸಿಟಿಯ ಹೆಸರು ಹಾಕಿ, ಬಾಂಡ್ ಮಾರುವಾಗ ಕೊಳ್ಳುವವರಿಗೆ ಕೊಡುವ ವಿವರಪತ್ರ, ಅಂದರೆ ಆಫಿಶಿಯಲ್ ಸ್ಟೇಟ್‌ಮೆಂಟ್ ತೆರೆಯಿರಿ. ನೂರಾರು ಪುಟ ನೋಡಿ ಗಾಬರಿಯಾಗಬೇಡಿ. ಅರ್ಜಿ ಎಷ್ಟು ಬಂದವು, ಎಷ್ಟು ಜನ ಸೇರಿದರು, ಮುಂದಿನ ವರ್ಷಗಳಲ್ಲಿ ಕಂತು ಎಷ್ಟು, ಇಷ್ಟು ನೋಡಿದರೆ ಸಾಕು. ಸೇರುವವರು ಇಳಿಯುತ್ತಾ ಕಂತು ಏರುತ್ತಾ ಇದ್ದರೆ ಫೀ ಎತ್ತ ಹೋಗುತ್ತದೆ ಅಂತ ನೀವೇ ಹೇಳಬಹುದು. ಬಣ್ಣದ ಬ್ರೋಷರ್‌ಗಿಂತ ಈ ಕಾಗದವನ್ನು ನಾನು ಜಾಸ್ತಿ ನಂಬುತ್ತೇನೆ. ಇದರಲ್ಲಿ ಸುಳ್ಳು ಬರೆದರೆ ಕೇಸಾಗುತ್ತದೆ.

ಇನ್ನು ಅಮೆರಿಕದಲ್ಲಿದ್ದು ಈ ಬಾಂಡುಗಳನ್ನು ತಾವೇ ಕೊಂಡವರಿಗೆ ಒಂದು ಮಾತು. ಇಂಥ ಬಾಂಡುಗಳಲ್ಲಿ ಹೆಚ್ಚಿನವಕ್ಕೆ ಅಮೆರಿಕದ ಕೇಂದ್ರ ಆದಾಯ ತೆರಿಗೆ ಇಲ್ಲ. ಅದೇ ಕಾರಣಕ್ಕೆ ಕಡಿಮೆ ಬಡ್ಡಿಗೂ ಜನ ಕೊಳ್ಳುತ್ತಾರೆ. ಆದರೆ ಆ ವಿನಾಯಿತಿ ಬೆಂಗಳೂರಿನವರೆಗೆ ಬರುವುದಿಲ್ಲ. ನೀವು ವಾಪಸ್ ಬಂದು ಇಲ್ಲಿ ಪೂರ್ಣ ರೆಸಿಡೆಂಟ್ ಆದ ಮೇಲೆ ಆ ಬಡ್ಡಿಗೂ ಭಾರತದಲ್ಲಿ ತೆರಿಗೆ ಬೀಳುತ್ತದೆ. ವಿಮಾನದ ಟಿಕೆಟ್ ತೆಗೆಯುವ ಮುಂಚೆಯೇ ಬಾಂಡುಗಳ ಪಟ್ಟಿಯನ್ನು ಇಲ್ಲಿನ ಸಿಎ ಒಬ್ಬರಿಗೆ ತೋರಿಸಿ.