ಪಂಪ್ ಬದಲಿಸುವ ಮೊದಲು ಗೇಜ್ ಹಾಕಿ ನೋಡಿ

ಹಳೆಯ ಪೆಟ್ರೋಲ್ ಕಾರು ಬೆಳಗ್ಗೆ ಐದಾರು ಸಲ ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ಘಾಟಿ ಹತ್ತುವಾಗ ಉಸಿರು ಕಟ್ಟಿದಂತೆ ಎಳೆಯುತ್ತದೆ, ಹೈವೇಯಲ್ಲಿ ಎಂಬತ್ತು ದಾಟಿದರೆ ಜರ್ಕ್ ಹೊಡೆಯುತ್ತದೆ. ಗ್ಯಾರೇಜಿನಲ್ಲಿ ಮೊದಲು ಬರುವ ಮಾತು ‘ಫ್ಯುಯೆಲ್ ಪಂಪ್ ಹೋಗಿದೆ’. ಸಾವಿರಾರು ರೂಪಾಯಿ ಕೊಟ್ಟು ಹೊಸ ಪಂಪ್ ಹಾಕಿಸಿದ ಮೇಲೂ ಕಾರು ಹಾಗೇ ಇದ್ದರೆ ತಪ್ಪು ಪಂಪಿನದ್ದಲ್ಲ, ಗೇಜ್ ಹಾಕಿ ಪೆಟ್ರೋಲಿನ ಒತ್ತಡ ಅಳೆಯದೆ ಬಿಚ್ಚಿದ್ದರದ್ದು.

ಇಲ್ಲಿ ಹೇಳುವುದು ಮಾರುತಿ ಸುಝುಕಿಯ ಎಸ್ಟೀಮ್, ಹಳೆಯ ಬಲೆನೊ ತರಹದ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ) ಕಾರುಗಳ ವಿಷಯ. ಇವುಗಳಲ್ಲಿ ಪಂಪ್ ಟ್ಯಾಂಕಿನೊಳಗೆ, ಒತ್ತಡವನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಎಂಜಿನ್ ಮೇಲೆ, ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯುಯೆಲ್ ರೈಲಿನಲ್ಲಿ ಇರುತ್ತದೆ. ಮಿಕ್ಕ ಪೆಟ್ರೋಲ್ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸಾಗುತ್ತದೆ. ಕಾರ್ಬ್ಯುರೇಟರ್ ಗಾಡಿಗೆ ಮುಂದೆ ಬರುವ ಒತ್ತಡದ ಅಂಕಿಗಳನ್ನು ಹಚ್ಚಬೇಡಿ. ಅಲ್ಲಿನ ಒತ್ತಡ ಇದರ ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೇ.

ಗೇಜಿಗೆ ಮುಂಚೆ ಐದು ನಿಮಿಷ

ಪೆಟ್ರೋಲ್ ಮುಚ್ಚಳ ತೆಗೆದು, ಇನ್ನೊಬ್ಬರಿಗೆ ಕೀ ಆನ್ ಮಾಡಲು ಹೇಳಿ. ಎರಡು ಮೂರು ಸೆಕೆಂಡು ‘ಝುಂ’ ಎಂದು ಪಂಪ್ ಸದ್ದು ಮಾಡಿ ನಿಲ್ಲಬೇಕು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್), ವೈರಿಂಗ್ ನೋಡಿ. ಮನೆ ಮುಂದೆ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಇಲಿ ಕಡಿದ ವೈರು ಸಿಗುವುದು ಹೊಸತೇನಲ್ಲ.

ಸದ್ದು ಬಂದರೂ ವೋಲ್ಟೇಜ್ ಅಳೆಯಿರಿ. ಪಂಪಿನ ಕನೆಕ್ಟರ್ ಕೆಲವು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಸಿಗುತ್ತದೆ, ಕೆಲವದರಲ್ಲಿ ಟ್ಯಾಂಕ್ ಇಳಿಸಬೇಕು. ಕನೆಕ್ಟರ್ ಕಳಚಿ ಅಳೆದರೆ ಪ್ರಯೋಜನವಿಲ್ಲ, ತುಕ್ಕು ಹಿಡಿದ ಪಿನ್ ಕೂಡ ಆಗ 12 ವೋಲ್ಟ್ ತೋರಿಸುತ್ತದೆ. ಪಂಪ್ ಓಡುತ್ತಿರುವಾಗಲೇ ಹಿಂದಿನಿಂದ ಮೀಟರ್ ಕಡ್ಡಿ ತೂರಿಸಿ ನೋಡಬೇಕು. ಬ್ಯಾಟರಿಯಲ್ಲಿ ಇರುವುದಕ್ಕೂ ಪಂಪಿನಲ್ಲಿ ಸಿಗುವುದಕ್ಕೂ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೊದಲು ಅರ್ಥ್ ವೈರನ್ನು ಉಜ್ಜಿ ಬಿಗಿ ಮಾಡಿ. ವೋಲ್ಟೇಜ್ ಇಳಿದಷ್ಟೂ ಪಂಪ್ ನಿಧಾನವಾಗುತ್ತದೆ. ಒಳ್ಳೆಯ ಪಂಪ್ ಕೂಡ ಕೆಟ್ಟದ್ದರಂತೆ ಕಾಣುತ್ತದೆ.

ಗೇಜ್ ಜೋಡಿಸುವುದು

ಬೇಕಾದ್ದು: 0–7 ಬಾರ್‌ನ ಗೇಜ್, ಟಿ-ಜಾಯಿಂಟ್, ಇಂಜೆಕ್ಷನ್ ಗಾಡಿಗೆಂದೇ ಬರುವ ಪೆಟ್ರೋಲ್ ಪೈಪು, ನಾಲ್ಕು ಕ್ಲಿಪ್, ಬ್ಯಾಂಜೊ ಬೋಲ್ಟ್ (ಪೈಪು ಜೋಡಿಸುವ, ಒಳಗೆ ತೂತಿರುವ ಬೋಲ್ಟ್) ಇದ್ದರೆ ಹೊಸ ವಾಷರ್‌ಗಳು, ಒಂದು ಲೀಟರ್ ಅಳತೆಯ ಜಾರ್, ಕನ್ನಡಕ, ಪುಡಿ ತುಂಬಿದ ಅಗ್ನಿಶಾಮಕ ಸಿಲಿಂಡರ್. ಕೆಲಸ ಬಯಲಲ್ಲೇ ಆಗಲಿ, ಎಂಜಿನ್ ತಣ್ಣಗಿರಲಿ.

ಲೈನಿನಲ್ಲಿ ಒತ್ತಡ ಇಟ್ಟುಕೊಂಡೇ ಪೈಪು ಬಿಚ್ಚಿದರೆ ಪೆಟ್ರೋಲ್ ಮುಖಕ್ಕೇ ಚಿಮ್ಮುತ್ತದೆ. ಪಂಪಿನ ರಿಲೇ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ಆಫ್ ಆಗಲು ಬಿಡಿ. ಇನ್ನೆರಡು ಮೂರು ಸಲ, ಮೂರು ಮೂರು ಸೆಕೆಂಡು ಸೆಲ್ಫ್ ಹೊಡೆಯಿರಿ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ, ಜಾಯಿಂಟಿನ ಮೇಲೆ ಬಟ್ಟೆ ಸುತ್ತಿ ನಿಧಾನವಾಗಿ ಬಿಚ್ಚಿ. ಫಿಲ್ಟರ್ ದಾಟಿ ರೈಲಿಗೆ ಹೋಗುವ ಪೈಪಿನ ನಡುವೆ ಟಿ ಕೂರಿಸಿ. ಬ್ಯಾಟರಿ, ರಿಲೇ ಮತ್ತೆ ಹಾಕಿ, ಸ್ಟಾರ್ಟ್ ಮಾಡುವ ಮುನ್ನ ಕೀ ಆನ್ ಮಾಡಿ ಎಲ್ಲಿಯೂ ಜಿನುಗುತ್ತಿಲ್ಲವೇ ನೋಡಿ.

ಮೂರು ಅಂಕಿ

ಈ ಸುಝುಕಿ ಎಂಜಿನ್‌ಗಳಿಗೆ ಲೆಕ್ಕ ಹೀಗಿದೆ: ಎಂಜಿನ್ ನಿಂತಿದ್ದು ಪಂಪ್ ಮಾತ್ರ ಓಡುವಾಗ 2.7ರಿಂದ 3.1 ಕೆಜಿ, ಐಡ್ಲಿಂಗ್‌ನಲ್ಲಿ 2.1ರಿಂದ 2.6, ಆಫ್ ಮಾಡಿದ ಒಂದು ನಿಮಿಷಕ್ಕೆ 2ಕ್ಕಿಂತ ಮೇಲೆ. ಗ್ಯಾರೇಜಿನ ‘ಕೆಜಿ’ ಎಂದರೆ ಚದರ ಸೆಂಟಿಮೀಟರಿಗೆ ಕೆಜಿ. ಬಾರ್‌ಗೂ ಅದಕ್ಕೂ ಹೆಚ್ಚುಕಡಿಮೆ ಇಲ್ಲ. ಗೇಜಿನಲ್ಲಿ ಪಿಎಸ್‌ಐ ಮಾತ್ರ ಇದ್ದರೆ 14ರಿಂದ ಭಾಗಿಸಿ. ಬೇರೆ ಕಾರಿಗೆ ಅದರ ಸರ್ವಿಸ್ ಪುಸ್ತಕದ ಅಂಕಿಯೇ ಪ್ರಮಾಣ.

ಐಡ್ಲಿಂಗ್‌ನಲ್ಲಿ ಮುಳ್ಳು ಇಳಿಯುವುದು ದೋಷವಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ (ಎಂಜಿನಿಗೆ ಗಾಳಿ ಹೋಗುವ ಕೊಳವೆಯ) ವ್ಯಾಕ್ಯೂಮ್ ಸಣ್ಣ ಪೈಪಿನ ಮೂಲಕ ರೆಗ್ಯುಲೇಟರನ್ನು ಎಳೆದು ಹಿಡಿಯುವುದರಿಂದ ಅರ್ಧ ಕೆಜಿಯಷ್ಟು ಕಡಿಮೆಯಾಗುತ್ತದೆ. ಆ ಸಣ್ಣ ವ್ಯಾಕ್ಯೂಮ್ ಪೈಪು ಕಿತ್ತು ಬೆರಳಿನಿಂದ ಮುಚ್ಚಿ: ಮುಳ್ಳು ತಕ್ಷಣ ಮೇಲೇರಬೇಕು. ಕಿತ್ತ ಪೈಪಿನ ತುದಿಯಲ್ಲಿ ಪೆಟ್ರೋಲ್ ಹನಿ ಕಂಡರೆ, ರೆಗ್ಯುಲೇಟರಿನ ಡಯಾಫ್ರಂ (ಒಳಗಿನ ತೆಳು ಪರದೆ) ಹರಿದಿದೆ. ಮುಂದಿನ ಪರೀಕ್ಷೆ ಬೇಡ. ಕಪ್ಪು ಹೊಗೆ, ಮೈಲೇಜ್ ಇಳಿಕೆಯ ಮೂಲ ಅಲ್ಲೇ ಸಿಕ್ಕಿತು. ನಂತರದ ರಿಟರ್ನ್ ಇಲ್ಲದ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುವುದರಿಂದ ಈ ಏರಿಳಿತ ಇರುವುದಿಲ್ಲ.

ಒತ್ತಡ ಜಾಸ್ತಿ ಇದ್ದರೆ ರಿಟರ್ನ್ ಪೈಪನ್ನು ರೆಗ್ಯುಲೇಟರಿನ ಬಳಿ ಕಳಚಿ, ಅಲ್ಲಿಂದ ಬರುವ ಪೆಟ್ರೋಲನ್ನು ಅಳತೆಯ ಜಾರ್‌ಗೆ ಬಿಡಿ. ಒತ್ತಡ ಸರಿಹೋದರೆ ಪೈಪು ಎಲ್ಲೋ ಜಜ್ಜಿದೆ ಅಥವಾ ಕಟ್ಟಿದೆ, ಸರಿಹೋಗದಿದ್ದರೆ ರೆಗ್ಯುಲೇಟರ್ ಅಂಟಿಕೊಂಡಿದೆ.

ಒತ್ತಡ ಸರಿ, ಆದರೂ ಎಳೆಯುತ್ತಿಲ್ಲ

ಹೆಚ್ಚಿನವರು ಎಡವುವುದು ಇಲ್ಲೇ. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವುದು ಗಂಟೆಗೆ ಒಂದು ಲೀಟರಿನ ಆಸುಪಾಸು. ಆಕ್ಸಿಲರೇಟರ್ ಪೂರ್ತಿ ಒತ್ತಿ ಚಾರ್ಮಾಡಿ ಹತ್ತಿಸುವಾಗ ಅದು ಇಪ್ಪತ್ತು ಲೀಟರ್ ದಾಟಬಹುದು. ಸೋತ ಪಂಪ್ ನಿಂತಲ್ಲಿ 3 ಕೆಜಿ ತೋರಿಸಿ ನಿಮ್ಮನ್ನು ನಂಬಿಸಿಬಿಡುತ್ತದೆ. ಆದ್ದರಿಂದ ಒತ್ತಡದ ಜೊತೆ ಹರಿವನ್ನೂ ಅಳೆಯಬೇಕು.

ರಿಟರ್ನ್ ಪೈಪಿನ ತುದಿ ಜಾರಿನಲ್ಲಿಟ್ಟು, ರಿಲೇ ಸಾಕೆಟಿಗೆ ಫ್ಯೂಸ್ ಇರುವ ಜಂಪರ್ ವೈರ್ ಹಾಕಿ 30 ಸೆಕೆಂಡು ಪಂಪ್ ಓಡಿಸಿ. ಕಿಡಿ ಹಾರುವ ಜಾಗದಿಂದ ಜಾರು ದೂರವಿರಲಿ. ಈ ಗಾತ್ರದ ಎಂಜಿನ್‌ಗೆ ಅರ್ಧ ಲೀಟರಿನ ಹತ್ತಿರ ಬಂದರೆ ನೆಮ್ಮದಿ. ಕಡಿಮೆ ಬಂದರೆ ಮೊದಲು ಫಿಲ್ಟರ್ ಬದಲಿಸಿ (ಬಾಣದ ಗುರುತು ಎಂಜಿನ್ ಕಡೆಗಿರಲಿ), ಮತ್ತೆ ಅಳೆಯಿರಿ. ಆಗಲೂ ಕಡಿಮೆಯಿದ್ದರೆ ಟ್ಯಾಂಕಿನೊಳಗೆ ಪಂಪಿನ ಬಾಯಿಗಿರುವ ಜಾಲರಿ, ಕೊನೆಗೆ ಪಂಪ್.

ಜಾಲರಿಗೆ ಒಂದು ಚೆನ್ನಾದ ಸುಳಿವಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಪಿಕಪ್ ಬಿದ್ದು, ಬದಿಗೆ ನಿಲ್ಲಿಸಿ ಚಹಾ ಕುಡಿದು ಬಂದರೆ ಮತ್ತೆ ಸರಿಯಾಗಿ ಓಡುತ್ತದೆ. ಪಂಪ್ ಎಳೆದಾಗ ತಳದ ಕಸ ಜಾಲರಿಗೆ ಮೆತ್ತಿಕೊಳ್ಳುತ್ತದೆ, ನಿಲ್ಲಿಸಿದಾಗ ಉದುರುತ್ತದೆ. ಇದೇ ಲಕ್ಷಣ ಟ್ಯಾಂಕಿಗೆ ಗಾಳಿ ಹೋಗದಿದ್ದರೂ ಬರುತ್ತದೆ. ಮುಚ್ಚಳ ತೆರೆದಾಗ ‘ಸ್ಸ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಪೈಸೆ ಖರ್ಚಿಲ್ಲದೆ ಉತ್ತರ ಸಿಕ್ಕಂತೆ.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 (ಶೇ 20 ಎಥನಾಲ್ ಬೆರೆತ ಪೆಟ್ರೋಲ್) ಈಗ ಬಂಕುಗಳಲ್ಲೆಲ್ಲ ಇದೆ. ಎಥನಾಲ್ ನೀರು ಹೀರುತ್ತದೆ, ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸುತ್ತದೆ, ಅದಕ್ಕೆ ತಯಾರಾಗಿರದ ರಬ್ಬರನ್ನು ಉಬ್ಬಿಸುತ್ತದೆ. ಹಳೆಯ ಕಾರಾದರೆ ಫಿಲ್ಟರನ್ನು ಬೇಗ ಬದಲಿಸುವುದು, ಪೈಪುಗಳನ್ನು ಹಿಚುಕಿ ನೋಡುವುದು ಲೇಸು.

ಬೆಳಗ್ಗಿನ ಸೆಲ್ಫ್ ಕಾಟ

ಆಫ್ ಮಾಡಿದ ಮೇಲೆ ಮುಳ್ಳು ಸರ್ರನೆ ಇಳಿಯುತ್ತಿದ್ದರೆ ಲೈನ್ ಖಾಲಿಯಾಗುತ್ತಿದೆ. ಎಲ್ಲಿಂದ ಎಂದು ಹಿಡಿಯಲು ಪೈಪು ಒತ್ತುವ ಕ್ಲ್ಯಾಂಪ್ ಸಾಕು. ಕ್ಲ್ಯಾಂಪ್ ರಬ್ಬರ್ ಪೈಪಿಗಷ್ಟೇ ಹಾಕಿ, ಪ್ಲಾಸ್ಟಿಕ್ ಲೈನ್ ಒಡೆಯುತ್ತದೆ. ಒತ್ತಡ ತುಂಬಿಸಿ, ಕೀ ಆಫ್ ಮಾಡಿದ ಕೂಡಲೇ ರಿಟರ್ನ್ ಒತ್ತಿ: ಮುಳ್ಳು ನಿಂತರೆ ರೆಗ್ಯುಲೇಟರ್ ಸೋರುತ್ತಿದೆ. ಮತ್ತೆ ತುಂಬಿಸಿ, ಈ ಸಲ ಟ್ಯಾಂಕಿನಿಂದ ಬರುವ ಪೈಪನ್ನು ಟಿ-ಜಾಯಿಂಟಿನ ಹಿಂದೆ ಒತ್ತಿ: ನಿಂತರೆ ಸೋರುತ್ತಿರುವುದು ಪಂಪಿನ ಒಳಗಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ). ಎರಡನ್ನೂ ಒತ್ತಿದರೂ ಇಳಿದರೆ, ಹೊರಗೆ ಎಲ್ಲೂ ಜಿನುಗದಿದ್ದರೆ, ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಪ್ಲಗ್ ಬಿಚ್ಚಿ ನೋಡಿ. ತೇವವಾಗಿ ಕಪ್ಪಾದ ಪ್ಲಗ್ ಯಾವ ಸಿಲಿಂಡರಿನದ್ದೋ, ಇಂಜೆಕ್ಟರ್ ಅದರದ್ದೇ. ಮೊದಲು ಕ್ಲೀನಿಂಗ್ ಮಾಡಿಸಿ, ಆಮೇಲೆ ಹೊಸದರ ಮಾತು.

ಚೆಕ್ ವಾಲ್ವ್ ಒಂದೇ ದೋಷವಾಗಿದ್ದು ಹರಿವು ಚೆನ್ನಾಗಿದ್ದರೆ ಪಂಪ್ ಬದಲಿಸಲು ಅವಸರವಿಲ್ಲ. ಬೆಳಗ್ಗೆ ಎರಡು ಸಲ ಕೀ ಆನ್-ಆಫ್ ಮಾಡಿ ಲೈನ್ ತುಂಬಿಸಿ ಸೆಲ್ಫ್ ಹೊಡೆದರೆ ಇನ್ನೂ ಕೆಲವು ಕಾಲ ನಡೆಯುತ್ತದೆ. ಆದರೆ ರಿಸರ್ವ್‌ನಲ್ಲೇ ಓಡಿಸುವ ಚಾಳಿ ಬಿಡಿ. ಆ ಪಂಪಿಗೆ ತಂಪು ಕೊಡುವುದು ಟ್ಯಾಂಕಿನ ಪೆಟ್ರೋಲೇ.

ಗೇಜ್ ತೆಗೆಯುವಾಗಲೂ ಒತ್ತಡ ಇಳಿಸಿಯೇ ಬಿಚ್ಚಿ, ಹೊಸ ವಾಷರ್ ಹಾಕಿ. ಕೀ ಮೂರ್ನಾಲ್ಕು ಸಲ ಆನ್ ಮಾಡಿ ಟಾರ್ಚ್ ಬೆಳಕಿನಲ್ಲಿ ಜಾಯಿಂಟ್ ನೋಡಿ, ಹತ್ತು ನಿಮಿಷ ಎಂಜಿನ್ ಓಡಿಸಿ ಬಿಸಿಯಾದ ಮೇಲೆ ಒಣ ಕಾಗದ ಒತ್ತಿ ಇನ್ನೊಮ್ಮೆ ನೋಡಿ. ಕಾಗದ ಒದ್ದೆಯಾದರೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.